ರಾಯದುರ್ಗ ವಿಧಾನಸಭಾ ಕ್ಷೇತ್ರ: ಹಗರಿ ದಂಡೆಯ ಕನ್ನಡಿಗರ ಮತ ಎಲ್ಲಿಯವರೆಗೆ ಮುಟ್ಟುತ್ತದೆ?

ರಾಯದುರ್ಗವು ಆಂಧ್ರಪ್ರದೇಶ ವಿಧಾನಸಭೆಯ 175 ಕ್ಷೇತ್ರಗಳಲ್ಲಿ ಒಂದು. ಕ್ರಮಸಂಖ್ಯೆ 148. ತೆಲಂಗಾಣ ಬೇರೆಯಾಗುವ ಮುನ್ನ, 294 ಸ್ಥಾನಗಳ ವಿಧಾನಸಭೆಯಲ್ಲಿ ಇದರ ಸಂಖ್ಯೆ 267 ಆಗಿತ್ತು. ಅನಂತಪುರ ಲೋಕಸಭಾ ಕ್ಷೇತ್ರದ ವ್ಯಾಪ್ತಿಗೆ ಸೇರಿದ ಸಾಮಾನ್ಯ ಕ್ಷೇತ್ರವಿದು. 2008ರ ಕ್ಷೇತ್ರ ಮರುವಿಂಗಡಣೆ ಆದೇಶದ ಪ್ರಕಾರ ರಾಯದುರ್ಗ, ಡಿ. ಹಿರೇಹಾಳ್, ಕಣೇಕಲ್, ಬೊಮ್ಮನಹಾಳ್ ಮತ್ತು ಗುಮ್ಮಘಟ್ಟ ಎಂಬ ಐದು ಮಂಡಲಗಳು ಇದರಲ್ಲಿವೆ. ಭೈರವಾನಿತಿಪ್ಪ ಜಲಾಶಯ ಇರುವುದು ಗುಮ್ಮಘಟ್ಟ ಮಂಡಲದಲ್ಲಿ.

ಹೆಸರುಗಳನ್ನು ಒಮ್ಮೆ ಓದಿದರೆ ಸಾಕು, ಈ ಸೀಮೆಯ ಮೂಲ ತಿಳಿಯುತ್ತದೆ. ಹಿರೇಹಾಳ್, ಬೊಮ್ಮನಹಾಳ್ ಎಂಬಂಥ 'ಹಾಳ್' ಊರುಗಳು ಬಳ್ಳಾರಿ, ಕೊಪ್ಪಳ ಕಡೆ ಎಷ್ಟು ಸಾಮಾನ್ಯವೋ ಇಲ್ಲೂ ಅಷ್ಟೇ. ಕ್ಷೇತ್ರದ ಪಶ್ಚಿಮಕ್ಕೆ ಬಳ್ಳಾರಿ ಜಿಲ್ಲೆ, ನೈಋತ್ಯಕ್ಕೆ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು, ಚಳ್ಳಕೆರೆ ತಾಲ್ಲೂಕುಗಳು. ಗಡಿ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಕಚೇರಿ ಮಾತು ತೆಲುಗು. ಎರಡನ್ನೂ ಸಲೀಸಾಗಿ ಆಡುವವರೇ ಹೆಚ್ಚು. ರಾಯದುರ್ಗದಿಂದ ಬಳ್ಳಾರಿಗೆ ಸುಮಾರು 50 ಕಿಲೋಮೀಟರ್. ಜಿಲ್ಲಾ ಕೇಂದ್ರ ಅನಂತಪುರ ಹೆಚ್ಚುಕಡಿಮೆ ಅದರ ಇಮ್ಮಡಿ ದೂರ. ಡಿ. ಹಿರೇಹಾಳ್ ಮತ್ತು ಬೊಮ್ಮನಹಾಳ್ ಮಂಡಲಗಳ ಜನರಂತೂ ಆಸ್ಪತ್ರೆ, ಕಾಲೇಜು, ಬಟ್ಟೆ, ಬಂಗಾರ ಎಲ್ಲಕ್ಕೂ ಬಳ್ಳಾರಿಯ ದಾರಿಯನ್ನೇ ಹಿಡಿಯುತ್ತಾರೆ. ಹೀಗಾಗಿ ಈ ಎರಡು ಮಂಡಲಗಳನ್ನು ಬಳ್ಳಾರಿ ನಗರದ ಹೊರವಲಯ ಎಂದೇ ಕರೆಯಬಹುದು. ಆದರೆ ಅವು ಇನ್ನೊಂದು ರಾಜ್ಯದಲ್ಲಿವೆ.

ಈ ಕ್ಷೇತ್ರದ ರಾಜಕೀಯವನ್ನು ಅರ್ಥ ಮಾಡಿಕೊಳ್ಳಲು ಇದೊಂದು ವಿಷಯ ಗೊತ್ತಿದ್ದರೆ ಸಾಕು. ಜನರ ನೀರು, ಸಂತೆ, ನಂಟಸ್ತಿಕೆ ಎಲ್ಲ ಗಡಿಯಾಚೆ. ಮತ ಮಾತ್ರ ಗಡಿಯೀಚೆ.

ಬಳ್ಳಾರಿಯಿಂದ ಬೇರ್ಪಟ್ಟದ್ದು

ಬ್ರಿಟಿಷರ ಕಾಲದಲ್ಲಿ ರಾಯದುರ್ಗವು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯ ತಾಲ್ಲೂಕು. 1882ರಲ್ಲಿ ಬಳ್ಳಾರಿಯನ್ನು ಒಡೆದು ಅನಂತಪುರ ಜಿಲ್ಲೆ ಮಾಡಿದಾಗ ಮಡಕಶಿರಾ ಅನಂತಪುರಕ್ಕೆ ಹೋಯಿತು, ರಾಯದುರ್ಗ ಬಳ್ಳಾರಿಯಲ್ಲೇ ಉಳಿಯಿತು. 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಇಲ್ಲಿನವರು ಮತ ಹಾಕಿದ್ದು ಮದ್ರಾಸ್ ವಿಧಾನಸಭೆಗೆ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಜಿಲ್ಲೆ ಇಬ್ಭಾಗವಾದದ್ದು ಅಂದೇ. ಆದೋನಿ, ಆಲೂರು, ರಾಯದುರ್ಗ ಈ ಮೂರು ತಾಲ್ಲೂಕುಗಳು ಆಂಧ್ರಕ್ಕೆ, ಉಳಿದವು ಮೈಸೂರಿಗೆ. ಆದೋನಿ, ಆಲೂರು ಕರ್ನೂಲು ಜಿಲ್ಲೆಗೆ ಸೇರಿದರೆ ರಾಯದುರ್ಗ ಅನಂತಪುರಕ್ಕೆ ಬಂತು. ಬಳ್ಳಾರಿ ತಾಲ್ಲೂಕು ಯಾರಿಗೆ ಎಂಬ ಜಗಳ ಜೋರಾಗಿಯೇ ನಡೆದು, ನ್ಯಾಯಮೂರ್ತಿ ಮಿಶ್ರಾ ಅವರ ವಿಚಾರಣೆಯ ನಂತರ ಅದು ಮೈಸೂರಿಗೆ ದಕ್ಕಿತು. 1955ರ ರಾಜ್ಯ ಪುನರ್ವಿಂಗಡಣಾ ಆಯೋಗ ಬಳ್ಳಾರಿಯ ಕೆಲವು ಭಾಗಗಳನ್ನು ಆಂಧ್ರಕ್ಕೆ ಕೊಡಬೇಕೆಂದು ಹೇಳಿದರೂ ಕೇಂದ್ರ ಒಪ್ಪಲಿಲ್ಲ. ಬಳ್ಳಾರಿಗಾಗಿ ಇಷ್ಟೆಲ್ಲ ಹೋರಾಟ ನಡೆಯುವಾಗ ರಾಯದುರ್ಗದ ಹೆಸರು ಎತ್ತಿದವರು ಕಡಿಮೆ. ಗೆದ್ದ ಬಳ್ಳಾರಿಯ ಕಥೆಯನ್ನು ನಾವು ಹೇಳುತ್ತಲೇ ಬಂದಿದ್ದೇವೆ, ಬಿಟ್ಟುಕೊಟ್ಟ ಮೂರು ತಾಲ್ಲೂಕುಗಳ ಕಥೆ ಅದರ ಅಡಿಟಿಪ್ಪಣಿಯಾಗಿದೆ.

ಅಂದಿನಿಂದ ಇಲ್ಲಿನ ಮತದಾರ ಕೂತಲ್ಲೇ ಕೂತು ನಾಲ್ಕು ರಾಜಧಾನಿ ಕಂಡಿದ್ದಾನೆ: 1953ರ ತನಕ ಮದ್ರಾಸು, 1956ರ ತನಕ ಕರ್ನೂಲು, ಬಳಿಕ ಹೈದರಾಬಾದು, 2017ರ ಮಾರ್ಚ್‌ನಿಂದ ಅಮರಾವತಿಯ ವೆಲಗಪೂಡಿಯಲ್ಲಿ ಅಧಿವೇಶನ. ಪ್ರತಿ ಸಲವೂ ಬಳ್ಳಾರಿ ಮಾತ್ರ ಅಲ್ಲೇ, ಗಂಟೆಯ ದಾರಿಯಲ್ಲೇ ಇತ್ತು.

ಗೆದ್ದವರು, ಸೋತವರು

2004ರಲ್ಲಿ ಇಲ್ಲಿ ತೆಲುಗುದೇಶಂನ ಮೆಟ್ಟು ಗೋವಿಂದ ರೆಡ್ಡಿ ಗೆದ್ದರು, ಆದರೆ ರಾಜ್ಯದಲ್ಲಿ ಅಧಿಕಾರ ಹಿಡಿದದ್ದು ಕಾಂಗ್ರೆಸ್. 2009ರಲ್ಲಿ ಕಾಂಗ್ರೆಸ್‌ನ ಕಾಪು ರಾಮಚಂದ್ರ ರೆಡ್ಡಿ ಆಯ್ಕೆಯಾದರು. ವೈ.ಎಸ್. ರಾಜಶೇಖರ ರೆಡ್ಡಿ ಅವರ ನಿಧನದ ನಂತರ ಜಗನ್ ಮೋಹನ್ ರೆಡ್ಡಿ ಪಾಳಯ ಸೇರಿ, 2011ರ ಡಿಸೆಂಬರ್‌ನಲ್ಲಿ ಅವಿಶ್ವಾಸ ನಿರ್ಣಯದ ವೇಳೆ ಪಕ್ಷದ ಸೂಚನೆ ಮೀರಿ ಮತ ಹಾಕಿದ ಶಾಸಕರು ಅನರ್ಹಗೊಂಡರು. ಅವರಲ್ಲಿ ಕಾಪು ಅವರೂ ಒಬ್ಬರು. 2012ರ ಜೂನ್‌ನಲ್ಲಿ 18 ವಿಧಾನಸಭಾ ಕ್ಷೇತ್ರಗಳಿಗೆ ನಡೆದ ಉಪಚುನಾವಣೆಯಲ್ಲಿ ವೈಎಸ್ಸಾರ್ ಕಾಂಗ್ರೆಸ್ 15 ಗೆದ್ದಿತು. ರಾಯದುರ್ಗವೂ ಅದರಲ್ಲಿತ್ತು.

2014ರಲ್ಲಿ ತೆಲುಗುದೇಶಂನ ಕಾಲವ ಶ್ರೀನಿವಾಸುಲು ಎರಡು ಸಾವಿರಕ್ಕೂ ಕಡಿಮೆ ಮತಗಳ ಅಂತರದಲ್ಲಿ ಗೆದ್ದರು. ಇವರು 1999ರಿಂದ 2004ರ ತನಕ ಅನಂತಪುರದ ಸಂಸದರಾಗಿದ್ದವರು. ಮೊದಲು ಮುಖ್ಯ ಸಚೇತಕರಾಗಿ, 2017ರಲ್ಲಿ ವಾರ್ತಾ ಇಲಾಖೆ ಮತ್ತು ಗ್ರಾಮೀಣ ವಸತಿ ಖಾತೆಯ ಸಚಿವರಾದರು. 2019ರಲ್ಲಿ ಮತ್ತೆ ಕಾಪು ರಾಮಚಂದ್ರ ರೆಡ್ಡಿ. 2024ರಲ್ಲಿ ಮತ್ತೆ ಕಾಲವ ಶ್ರೀನಿವಾಸುಲು. ಈ ಸಲ ಅವರ ಎದುರು ವೈಎಸ್ಸಾರ್ ಕಾಂಗ್ರೆಸ್‌ನಿಂದ ನಿಂತು ಸೋತವರು, ಒಂದು ಕಾಲಕ್ಕೆ ತೆಲುಗುದೇಶಂನಲ್ಲಿದ್ದ ಅದೇ ಮೆಟ್ಟು ಗೋವಿಂದ ರೆಡ್ಡಿ. ಪಕ್ಷದ ಬಣ್ಣ ಬದಲಾಗುತ್ತದೆ, ಅಭ್ಯರ್ಥಿಗಳ ಹೆಸರು ಅವೇ ಸುತ್ತುತ್ತಿರುತ್ತವೆ.

2009ರಿಂದೀಚೆಗೆ ನಡೆದ ನಾಲ್ಕೂ ಸಾರ್ವತ್ರಿಕ ಚುನಾವಣೆಗಳಲ್ಲಿ ರಾಯದುರ್ಗ ಗೆಲ್ಲಿಸಿದ ಪಕ್ಷವೇ ಸರ್ಕಾರ ರಚಿಸಿದೆ. ಆಡಳಿತ ಪಕ್ಷದ ಶಾಸಕ ಇದ್ದರೆ ಕೆಲಸ ಆಗುತ್ತದೆ ಎಂಬುದು ಇಲ್ಲಿನ ಮತದಾರನ ಲೆಕ್ಕ ಎನ್ನಲಾಗುತ್ತದೆ. ಆದರೆ ಇಡೀ ಅನಂತಪುರ ಸೀಮೆ ಗಾಳಿ ಬಂದತ್ತ ಒಟ್ಟಾಗಿ ವಾಲುತ್ತದೆ ಎನ್ನುವುದೇ ಹೆಚ್ಚು ಸರಿ: ಹಳೆಯ ಜಿಲ್ಲೆಯ 14 ಸ್ಥಾನಗಳಲ್ಲಿ 2014ರಲ್ಲಿ ತೆಲುಗುದೇಶಂಗೆ 12, 2019ರಲ್ಲಿ ವೈಎಸ್ಸಾರ್ ಕಾಂಗ್ರೆಸ್‌ಗೆ 12, 2024ರಲ್ಲಿ ತೆಲುಗುದೇಶಂ ಮೈತ್ರಿಕೂಟಕ್ಕೆ 14ಕ್ಕೆ 14.

ಹಗರಿ ನೀರು, ಮೇಲಿನವರ ಕೈಯಲ್ಲಿ

ಚುನಾವಣೆ ಯಾವುದೇ ಇರಲಿ, ಗುಮ್ಮಘಟ್ಟದಲ್ಲಿ ಭಾಷಣ ಮಾಡುವ ಅಭ್ಯರ್ಥಿ ಭೈರವಾನಿತಿಪ್ಪ ಜಲಾಶಯದ ಹೆಸರೆತ್ತದೆ ಮೈಕು ಬಿಡುವುದಿಲ್ಲ. ಜನ ಇದನ್ನು ಬಿ.ಟಿ. ಪ್ರಾಜೆಕ್ಟ್ ಎನ್ನುತ್ತಾರೆ. ಆಂಧ್ರಪ್ರದೇಶ ರಚನೆಯಾದ ಆರಂಭದ ವರ್ಷಗಳಲ್ಲಿ ವೇದಾವತಿ ನದಿಗೆ, ಅಂದರೆ ಹಗರಿಗೆ, ಕರ್ನಾಟಕದಿಂದ ಈಚೆ ಬರುವ ಜಾಗದಲ್ಲೇ ಕಟ್ಟಿದ ಅಣೆಕಟ್ಟು. ಗುಮ್ಮಘಟ್ಟ ಮತ್ತು ಬ್ರಹ್ಮಸಮುದ್ರಂ ಮಂಡಲಗಳ 12,000 ಎಕರೆಗೆ ನೀರುಣಿಸುವುದು ಗುರಿ. ಬ್ರಹ್ಮಸಮುದ್ರಂ ಇರುವುದು ಕಲ್ಯಾಣದುರ್ಗ ಕ್ಷೇತ್ರದಲ್ಲಿ. ಒಂದೇ ಕಾಲುವೆಯ ರೈತರಿಗೆ ಇಬ್ಬರು ಶಾಸಕರು.

ಅಣೆಕಟ್ಟು ಕಟ್ಟಿದ್ದೇನೋ ಆಯಿತು, ನೀರು ಬರಬೇಕಲ್ಲ? ಇದೇ ನದಿಗೆ ಮೇಲೆ ಹಿರಿಯೂರಿನ ಬಳಿ ಮೈಸೂರು ಸಂಸ್ಥಾನ 1907ರ ಹೊತ್ತಿಗೇ ವಾಣಿವಿಲಾಸ ಸಾಗರ ಕಟ್ಟಿ ಮುಗಿಸಿತ್ತು. ಹಳಬರು ಅದನ್ನು ಇಂದಿಗೂ ಮಾರಿಕಣಿವೆ ಎನ್ನುತ್ತಾರೆ. ಆ ಕೆರೆ 1933ರಲ್ಲಿ ಒಮ್ಮೆ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ. ನಡುವಿನ 89 ವರ್ಷ ಅಲ್ಲಿಂದ ಕೆಳಗೆ ಹರಿಯಲು ಹೆಚ್ಚುವರಿ ನೀರೇ ಇರಲಿಲ್ಲ. ಭೈರವಾನಿತಿಪ್ಪಕ್ಕೆ ಸಿಗುತ್ತಿದ್ದದ್ದು ಹಿರಿಯೂರಿನಿಂದೀಚೆ ಚಳ್ಳಕೆರೆ, ಪರಶುರಾಂಪುರ ಕಡೆಯ ಹಳ್ಳಗಳ ಮಳೆನೀರು ಮಾತ್ರ. ಆ ಸೀಮೆಯೂ ಬರದ ಸೀಮೆಯೇ. ದಾರಿಯುದ್ದಕ್ಕೂ ಚೆಕ್ ಡ್ಯಾಂ, ಬ್ಯಾರೇಜುಗಳು ಬೇರೆ.

ಈಚೆಗೆ ಭದ್ರಾ ಮೇಲ್ದಂಡೆ ಯೋಜನೆಯಡಿ ವಾಣಿವಿಲಾಸ ಸಾಗರಕ್ಕೆ ಭದ್ರೆಯ ನೀರು ಬರುತ್ತಿದೆ. ಕೆರೆ ತುಂಬಿದಷ್ಟೂ ಕೆಳಗಿನವರಿಗೆ ಆಸೆ. ಇಲ್ಲೊಂದು ವಿಚಿತ್ರವಿದೆ. ಭದ್ರಾ ಮೇಲ್ದಂಡೆಯಿಂದ ತುಂಗಭದ್ರಾ ಜಲಾಶಯಕ್ಕೆ ಬರುವ ನೀರು ಕಡಿಮೆಯಾಗುತ್ತದೆ ಎಂಬುದು ಆಂಧ್ರ ಸರ್ಕಾರದ ತಕರಾರು. ತುಂಗಭದ್ರಾ ಮೇಲ್ಮಟ್ಟದ ಕಾಲುವೆಯ 50 ಟಿಎಂಸಿಯಲ್ಲಿ ಆಂಧ್ರದ ಪಾಲು 32.5 ಟಿಎಂಸಿ. ಕರ್ನಾಟಕದೊಳಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಹರಿದು ಬರುವ ಆ ಕಾಲುವೆ ಆಂಧ್ರಕ್ಕೆ ಕಾಲಿಟ್ಟ ಮೇಲೆ ಮೊದಲು ಮುಟ್ಟುವುದು ಇದೇ ಕ್ಷೇತ್ರದ ಬೊಮ್ಮನಹಾಳ್, ಕಣೇಕಲ್ ಸೀಮೆಯನ್ನು. ಅಂದರೆ ಒಂದೇ ಯೋಜನೆ ಗುಮ್ಮಘಟ್ಟದ ರೈತನಿಗೆ ಲಾಭ ತರಬಹುದು, ಕಣೇಕಲ್ಲಿನ ರೈತನಿಗೆ ನಷ್ಟ. ಇಬ್ಬರೂ ಒಬ್ಬರೇ ಶಾಸಕರಿಗೆ ಮತ ಹಾಕುವವರು. ಆ ಶಾಸಕರು ವಿಧಾನಸಭೆಯಲ್ಲಿ ಯಾವ ಕಡೆ ಮಾತಾಡಬೇಕು?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟು ಕೊಚ್ಚಿಹೋದಾಗ ಹೊಸಪೇಟೆಯಲ್ಲಿ ಎಷ್ಟು ಗಾಬರಿಯಾಯಿತೋ ಕಣೇಕಲ್ಲಿನಲ್ಲೂ ಅಷ್ಟೇ ಆಯಿತು. ಆದರೆ ಜಲಾಶಯದ ನಿರ್ವಹಣೆ ತುಂಗಭದ್ರಾ ಮಂಡಳಿಯದು. ಶಾಸಕರು ಪತ್ರ ಬರೆಯಬಹುದು, ಹೋಗಿ ನೋಡಿ ಬರಬಹುದು.

ಆಂಧ್ರದೊಳಗಿನಿಂದಲೇ ನೀರು ತರುವ ಯೋಚನೆಯೂ ಇದೆ. ಹಂದ್ರಿ-ನೀವಾ ಯೋಜನೆಯ ಜೀಡಿಪಲ್ಲಿ ಜಲಾಶಯದಿಂದ ಕೃಷ್ಣಾ ನೀರನ್ನು ಎತ್ತಿ ಭೈರವಾನಿತಿಪ್ಪಕ್ಕೆ ಹರಿಸುವ ಯೋಜನೆಯನ್ನು 2014-19ರ ಸರ್ಕಾರ ಕೈಗೆತ್ತಿಕೊಂಡಿತು. ನಂತರದ ಎರಡು ಚುನಾವಣೆಗಳಲ್ಲೂ ಅದೇ ಭರವಸೆ ವೇದಿಕೆಗೆ ಬಂತು. ಶ್ರೀಶೈಲದಿಂದ ಹಂತ ಹಂತವಾಗಿ ಪಂಪು ಮಾಡಿ ತರುವ ನೀರಿಗೆ ಕರೆಂಟಿನ ಖರ್ಚು ಜಾಸ್ತಿ. ಆದರೂ ಮೇಲಿನ ರಾಜ್ಯವನ್ನು ಕೇಳದೆ ಪಡೆಯಬಹುದಾದ ನೀರು ಇದೊಂದೇ ಎಂಬುದರಿಂದ ಈ ಬೇಡಿಕೆಯಲ್ಲಿ ಹುರುಳಿದೆ.

ನೀರಿಲ್ಲದ ನದಿ ಏನು ಮಾಡುತ್ತದೆ ಎಂಬುದನ್ನು ನೋಡಬೇಕಾದರೆ ಬೊಮ್ಮನಹಾಳ್ ಮಂಡಲದ ದರ್ಗಾ ಹೊನ್ನೂರಿಗೆ ಹೋಗಬೇಕು. ಹಗರಿಯ ಒಣ ಪಾತ್ರದಿಂದ ಗಾಳಿಗೆ ಎದ್ದ ಮರಳು ಹೊಲಗಳ ಮೇಲೆ ದಿಬ್ಬವಾಗಿ ಕೂತಿದೆ. ದಕ್ಷಿಣ ಭಾರತದ ನಟ್ಟನಡುವೆ ಮರುಭೂಮಿಯ ನೋಟ.

ಗಡಿಯಾಚೆ ಮೀಸಲು, ಗಡಿಯೀಚೆ ಸಾಮಾನ್ಯ

ಕ್ಷೇತ್ರದಲ್ಲಿ ಬೋಯ ಅಥವಾ ವಾಲ್ಮೀಕಿ ಸಮುದಾಯ ದೊಡ್ಡದು. ಕರ್ನಾಟಕದಲ್ಲಿ ನಾಯಕ, ಬೇಡ, ವಾಲ್ಮೀಕಿ ಎಂದು ಕರೆಸಿಕೊಳ್ಳುವವರೂ ಇವರೂ ನೆಂಟರು, ಹೆಣ್ಣು ಕೊಟ್ಟು ತಂದವರು. ಅಲ್ಲಿ ಅವರು ಪರಿಶಿಷ್ಟ ಪಂಗಡ. ಇಲ್ಲಿ, ಆಂಧ್ರದ ಬಯಲು ಜಿಲ್ಲೆಗಳಲ್ಲಿ, ಹಿಂದುಳಿದ ವರ್ಗದ 'ಎ' ಗುಂಪು. ಇದರ ಪರಿಣಾಮ ಕ್ಷೇತ್ರಗಳ ನಕ್ಷೆಯಲ್ಲೇ ಕಾಣುತ್ತದೆ: ಗಡಿಯಾಚೆಯ ಬಳ್ಳಾರಿ ಗ್ರಾಮೀಣ, ಮೊಳಕಾಲ್ಮೂರು, ಚಳ್ಳಕೆರೆ ಮೂರೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರಗಳು. ಅವಕ್ಕೆ ಅಂಟಿಕೊಂಡ ರಾಯದುರ್ಗ ಸಾಮಾನ್ಯ ಕ್ಷೇತ್ರ.

ಬೋಯ ಸಮುದಾಯವನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸುವಂತೆ ಆಂಧ್ರ ವಿಧಾನಸಭೆ 2017ರ ಡಿಸೆಂಬರ್‌ನಲ್ಲಿ ತೆಲುಗುದೇಶಂ ಸರ್ಕಾರವಿದ್ದಾಗ ಒಮ್ಮೆ, 2023ರ ಮಾರ್ಚ್‌ನಲ್ಲಿ ವೈಎಸ್ಸಾರ್ ಕಾಂಗ್ರೆಸ್ ಸರ್ಕಾರವಿದ್ದಾಗ ಇನ್ನೊಮ್ಮೆ ಕೇಂದ್ರವನ್ನು ಕೋರಿತು. ಪರಿಶಿಷ್ಟ ಪಂಗಡದ ಪಟ್ಟಿ ಬದಲಿಸುವ ಅಧಿಕಾರ ಸಂಸತ್ತಿಗೆ ಮಾತ್ರ ಇರುವುದರಿಂದ ವಿಧಾನಸಭೆಯ ನಿರ್ಣಯ ಶಿಫಾರಸಿಗಿಂತ ಹೆಚ್ಚಲ್ಲ. ಎರಡೂ ಪಕ್ಷಗಳು 'ನಾವು ಮಾಡಿದೆವು' ಎಂದು ಹೇಳಿಕೊಳ್ಳಲು ಅನುಕೂಲವಾಗಿದೆ, ಅಷ್ಟೆ.

ಇದೇ ಗಡಿ ಡಿ. ಹಿರೇಹಾಳ್ ಮಂಡಲದ ಓಬುಳಾಪುರದಲ್ಲಿ ಬೇರೆ ಬಗೆಯಲ್ಲಿ ಸುದ್ದಿಯಾಯಿತು. ಕಬ್ಬಿಣದ ಅದಿರಿನ ಗುಡ್ಡದ ಮೇಲೆ ಎರಡು ರಾಜ್ಯಗಳ ಗಡಿ ಎಲ್ಲಿ ಹಾಯುತ್ತದೆ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ತನಕ ಹೋಗಿ ಸರ್ವೆ ಆಫ್ ಇಂಡಿಯಾ ಅಳತೆಗೆ ಇಳಿಯಬೇಕಾಯಿತು. ಓಬುಳಾಪುರಂ ಮೈನಿಂಗ್ ಕಂಪನಿಯ ಮೇಲೆ 2009ರ ಡಿಸೆಂಬರ್‌ನಲ್ಲಿ ಸಿಬಿಐ ಪ್ರಕರಣ ದಾಖಲಾಯಿತು. 2025ರ ಮೇ ತಿಂಗಳಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ಗಾಲಿ ಜನಾರ್ದನ ರೆಡ್ಡಿ ಮತ್ತಿತರರಿಗೆ ಏಳು ವರ್ಷ ಶಿಕ್ಷೆ ವಿಧಿಸಿತು. ಮುಂದಿನ ತಿಂಗಳೇ ತೆಲಂಗಾಣ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು.

ಕನ್ನಡದ ಲೆಕ್ಕ

ಆಂಧ್ರದ ಹತ್ತನೇ ತರಗತಿ ಪರೀಕ್ಷೆಯನ್ನು ಕನ್ನಡ ಮಾಧ್ಯಮದಲ್ಲೂ ಬರೆಯಬಹುದು. ಅನಂತಪುರ ಮತ್ತು ಕರ್ನೂಲು ಜಿಲ್ಲೆಗಳ ಗಡಿ ಮಂಡಲಗಳಲ್ಲಿ ಸರ್ಕಾರಿ ಕನ್ನಡ ಶಾಲೆಗಳಿವೆ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಅನುಕೂಲ ಮಾಡಬೇಕು ಎಂದು ಸಂವಿಧಾನದ 350ಎ ವಿಧಿ 1956ರಿಂದಲೇ ಹೇಳುತ್ತಿದೆ. ಶಾಲೆ ಉಳಿಯುವುದು ವಿಧಿಯಿಂದಲ್ಲ, ಮೇಷ್ಟ್ರಿಂದ. ಶಿಕ್ಷಕರ ನೇಮಕಾತಿಯಲ್ಲಿ ಕನ್ನಡ ಹುದ್ದೆಗಳು ಎಷ್ಟು, ನಿವೃತ್ತರಾದವರ ಜಾಗಕ್ಕೆ ಯಾರು ಬರುತ್ತಾರೆ ಎಂಬುದನ್ನು ಅಮರಾವತಿಯಲ್ಲಿ ಕೇಳುವವರು ಬೇಕು. 2019ರ ನವೆಂಬರ್‌ನಲ್ಲಿ ಸರ್ಕಾರಿ ಶಾಲೆಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಬದಲಿಸುವ ಆದೇಶ ಬಂದಾಗ ರಾಜ್ಯವಿಡೀ ತೆಲುಗಿನ ಗತಿಯೇನು ಎಂದು ಚರ್ಚಿಸಿತು. 2020ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಆ ಗದ್ದಲದಲ್ಲಿ ಕನ್ನಡ ಶಾಲೆಯ ದನಿ ಕೇಳಿದ್ದು ಅಪರೂಪ.

ವಿಧಾನಸಭೆಯಲ್ಲಿ ಕನ್ನಡ ಮಾತಾಡಬಹುದೇ? 210ನೇ ವಿಧಿಯ ಪ್ರಕಾರ ಸದನದ ವ್ಯವಹಾರ ರಾಜ್ಯದ ಅಧಿಕೃತ ಭಾಷೆ, ಹಿಂದಿ ಅಥವಾ ಇಂಗ್ಲಿಷಿನಲ್ಲಿ. ಈ ಯಾವುದರಲ್ಲೂ ಸರಿಯಾಗಿ ಮಾತಾಡಲು ಬಾರದ ಸದಸ್ಯನಿಗೆ ಮಾತೃಭಾಷೆಯಲ್ಲಿ ಮಾತಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದು. ರಾಯದುರ್ಗದಿಂದ ಗೆಲ್ಲುವವರಿಗೆ ತೆಲುಗು ಚೆನ್ನಾಗಿಯೇ ಬರುವುದರಿಂದ ಈ ಅವಕಾಶದಿಂದ ಇಲ್ಲಿಗೆ ಪ್ರಯೋಜನವಿಲ್ಲ. 1966ರ ಆಂಧ್ರಪ್ರದೇಶ ಅಧಿಕೃತ ಭಾಷಾ ಕಾಯ್ದೆ ಹೆಚ್ಚು ಉಪಯುಕ್ತ. ನಿರ್ದಿಷ್ಟ ಪ್ರದೇಶಗಳಲ್ಲಿ ತೆಲುಗಿನ ಜೊತೆಗೆ ಉರ್ದು ಅಥವಾ ಬೇರೆ ಭಾಷೆಯನ್ನು ಬಳಸಲು ಸರ್ಕಾರ ಅಧಿಸೂಚನೆ ಹೊರಡಿಸಲು ಅದರಲ್ಲಿ ದಾರಿಯಿದೆ. 2022ರಲ್ಲಿ ಉರ್ದು ರಾಜ್ಯದ ಎರಡನೇ ಅಧಿಕೃತ ಭಾಷೆಯಾಯಿತು.

ಕರ್ನಾಟಕವೂ ಈ ಊರುಗಳನ್ನು ಪೂರ್ತಿ ಮರೆತಿಲ್ಲ. ವೃತ್ತಿಶಿಕ್ಷಣದ ಸಿಇಟಿ ಅರ್ಹತೆಯಲ್ಲಿ ಗಡಿನಾಡ ಕನ್ನಡಿಗರಿಗೆಂದು ಇರುವ ನಿಯಮದಲ್ಲಿ ಆಂಧ್ರದ ಆದೋನಿ, ಆಲೂರು, ರಾಯದುರ್ಗ, ಮಡಕಶಿರಾ ತಾಲ್ಲೂಕುಗಳ ಹೆಸರಿದೆ. ಅಲ್ಲಿ ಏಳು ವರ್ಷ ಓದಿ, ಕನ್ನಡ ಪರೀಕ್ಷೆಯಲ್ಲಿ ಪಾಸಾದರೆ ಕರ್ನಾಟಕದ ಸೀಟಿಗೆ ಅರ್ಹತೆ. ಗಡಿ ಹಳ್ಳಿಗಳ ತಂದೆತಾಯಿಗಳು ಇದನ್ನು ತಿಳಿದಿರುವುದು ಒಳ್ಳೆಯದು. ಅರ್ಜಿ ಹಾಕುವ ಮುನ್ನ ಆ ವರ್ಷದ ನಿಯಮಾವಳಿ ನೋಡಿಕೊಳ್ಳಬೇಕು.

ಮಡಕಶಿರಾ: 351 ಮತ

ರಾಯದುರ್ಗದ ಜೊತೆಗೆ ಹೇಳಲೇಬೇಕಾದ ಇನ್ನೊಂದು ಕ್ಷೇತ್ರ ಮಡಕಶಿರಾ, ಕ್ರಮಸಂಖ್ಯೆ 156. ಮಡಕಶಿರಾ, ಅಮರಾಪುರಂ, ಗುಡಿಬಂಡ, ರೊಳ್ಳ, ಅಗಳಿ ಮಂಡಲಗಳು ಇದರಲ್ಲಿವೆ. ಹಿಂದೂಪುರ ಲೋಕಸಭೆಗೆ ಸೇರಿದ್ದು. ನಕ್ಷೆಯಲ್ಲಿ ಕರ್ನಾಟಕದೊಳಗೆ ಚಾಚಿದ ನಾಲಗೆಯಂತೆ ಕಾಣುತ್ತದೆ. ಶಿರಾ, ಮಧುಗಿರಿ, ಪಾವಗಡ ಸುತ್ತಲೂ. ನೊಳಂಬರ ರಾಜಧಾನಿ ಹೆಂಜೇರು, ಇಂದಿನ ಹೇಮಾವತಿ, ಇರುವುದು ಅಮರಾಪುರಂ ಮಂಡಲದಲ್ಲಿ. ಅಲ್ಲಿನ ಕನ್ನಡ ಶಾಸನಗಳು ರಾಜ್ಯಗಳ ಗಡಿಗಿಂತ ಸಾವಿರ ವರ್ಷ ಹಳೆಯವು.

1989, 1999 ಮತ್ತು 2004ರಲ್ಲಿ ಇಲ್ಲಿಂದ ಗೆದ್ದ ಎನ್. ರಘುವೀರಾ ರೆಡ್ಡಿ ಕೃಷಿ ಸಚಿವರಾದರು. ಮರುವಿಂಗಡಣೆಯಲ್ಲಿ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾದ್ದರಿಂದ 2009ರಲ್ಲಿ ಅವರು ಕಲ್ಯಾಣದುರ್ಗಕ್ಕೆ ಹೋದರು. 2014ರಲ್ಲಿ ಗೆದ್ದ ಕೆ. ಈರಣ್ಣ ಅವರ ಆಯ್ಕೆಯನ್ನು ನಾಮಪತ್ರದ ಪ್ರಮಾಣಪತ್ರದಲ್ಲಿ ವಿವರ ಮುಚ್ಚಿಟ್ಟ ಕಾರಣಕ್ಕೆ ಹೈಕೋರ್ಟ್ 2018ರಲ್ಲಿ ಅಸಿಂಧುಗೊಳಿಸಿ, ಎಂ. ತಿಪ್ಪೇಸ್ವಾಮಿ ಅವರಿಗೆ ಅವಧಿಯ ಕೊನೆಯ ಕೆಲವು ತಿಂಗಳು ದಕ್ಕಿದವು. 2024ರಲ್ಲಿ ತೆಲುಗುದೇಶಂನ ಎಂ.ಎಸ್. ರಾಜು ಗೆದ್ದದ್ದು ಕೇವಲ 351 ಮತಗಳಿಂದ. ಅಗಳಿ, ರೊಳ್ಳ ಕಡೆಯ ಒಂದು ಸಾಧಾರಣ ಹಳ್ಳಿ ಮನಸ್ಸು ಬದಲಿಸಿದ್ದರೆ ಫಲಿತಾಂಶ ಬೇರೆಯೇ ಆಗುತ್ತಿತ್ತು. ಗಡಿ ಕನ್ನಡಿಗರ ಮತಕ್ಕೆ ಬೆಲೆಯಿಲ್ಲ ಎನ್ನುವವರು ಈ ಅಂಕಿಯನ್ನು ನೆನಪಿಡಬೇಕು.

2022ರ ಏಪ್ರಿಲ್ 4ರಂದು ಹೊಸ ಜಿಲ್ಲೆಗಳಾದಾಗ ಮಡಕಶಿರಾ ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಕನ್ನಡ ಶಾಲೆಗಳ ವಿಷಯಕ್ಕೆ ಈಗ ಇಬ್ಬರು ಜಿಲ್ಲಾ ಶಿಕ್ಷಣಾಧಿಕಾರಿಗಳು, ಇಬ್ಬರು ಕಲೆಕ್ಟರ್‌ಗಳು.

ಮುಂದಿನ ಮರುವಿಂಗಡಣೆ

2014ರ ಪುನರ್ವಿಂಗಡಣಾ ಕಾಯ್ದೆಯಲ್ಲಿ ಆಂಧ್ರದ ಸ್ಥಾನಗಳನ್ನು 175ರಿಂದ 225ಕ್ಕೆ ಏರಿಸುವ ಪ್ರಸ್ತಾಪವಿದೆ. ಅದನ್ನು ಕೂಡಲೇ ಜಾರಿ ಮಾಡಬೇಕೆಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ತಳ್ಳಿಹಾಕಿತು. 225 ಆದರೆ ಐದು ಮಂಡಲಗಳ ರಾಯದುರ್ಗ ಹೀಗೇ ಉಳಿಯುವುದು ಕಷ್ಟ. ಕಣೇಕಲ್ ಉರವಕೊಂಡದ ಕಡೆಗೂ ಗುಮ್ಮಘಟ್ಟ ಕಲ್ಯಾಣದುರ್ಗದ ಕಡೆಗೂ ಹೋದರೆ ಕನ್ನಡ ಮನೆಮಾತಿನ ಹಳ್ಳಿಗಳು ಮೂರು ಕ್ಷೇತ್ರಗಳ ಅಂಚಿಗೆ ಬೀಳುತ್ತವೆ. ಗುಮ್ಮಘಟ್ಟ ಮತ್ತು ಬ್ರಹ್ಮಸಮುದ್ರಂ ಒಂದೇ ಕ್ಷೇತ್ರಕ್ಕೆ ಬಂದರೆ ಭೈರವಾನಿತಿಪ್ಪ ರೈತರಿಗೆ ಅನುಕೂಲವೂ ಆದೀತು. ಯಾವುದು ಲೇಸು ಎಂಬುದನ್ನು ಊರವರೇ ಕೂತು ಯೋಚಿಸಬೇಕು.

2002ರ ಮರುವಿಂಗಡಣಾ ಕಾಯ್ದೆ ಗಮನಿಸಲು ಹೇಳಿದ ಅಂಶಗಳು ಭೌಗೋಳಿಕ ಲಕ್ಷಣ, ಆಡಳಿತ ಘಟಕಗಳ ಎಲ್ಲೆ, ಸಂಪರ್ಕ ಸೌಲಭ್ಯ ಮತ್ತು ಸಾರ್ವಜನಿಕ ಅನುಕೂಲ. ಭಾಷೆಯ ಹೆಸರು ಆ ಪಟ್ಟಿಯಲ್ಲಿಲ್ಲ. ಆದರೆ ಕರಡು ಪ್ರಕಟವಾದ ಮೇಲೆ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು, ಆಯೋಗ ಬಹಿರಂಗ ಸಭೆ ನಡೆಸಿ ಅಹವಾಲು ಕೇಳಬೇಕು ಎಂದು ಅದರಲ್ಲಿತ್ತು. ಅಂತಿಮ ಆದೇಶ ಗೆಜೆಟ್‌ನಲ್ಲಿ ಬಂದುಬಿಟ್ಟರೆ ನ್ಯಾಯಾಲಯದಲ್ಲಿ ಪ್ರಶ್ನಿಸಲು ಅವಕಾಶ ತೀರಾ ಕಡಿಮೆ. ಹೇಳುವುದನ್ನು ಕರಡು ಬಂದ ಆ ಕೆಲವು ವಾರಗಳಲ್ಲೇ, ಬರಹದಲ್ಲಿ, ಊರಿನ ಹೆಸರು ಹಾಕಿ ಹೇಳಬೇಕು.